ಸೀಬಾಸ್ ಮರಿ ಸೊಟ್ಟ ಬಂದಿವೆ, "ಎಲ್ಲ ಒಂದೇ ತಾಯಿ ಮರಿ" ಅಂತಾರೆ. ಹೌದಾ?

ಕ್ಯಾಂಪ್ ರೈತ (ಸಿಂಧನೂರು ತಾಲ್ಲೂಕು) · ಭಾನುವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಮ್ಮದು ಸಿಂಧನೂರು ಹತ್ತಿರದ ಒಂದು ಕ್ಯಾಂಪ್. ತುಂಗಭದ್ರಾ ಎಡದಂಡೆ ಕಾಲುವೆ ನೀರು. ಭತ್ತ ಹಾಕಿ ಹಾಕಿ ಸವುಳು ಹಿಡಿದಿದ್ದ ನಾಲ್ಕು ಎಕರೆಯನ್ನು ಆರು ವರ್ಷದ ಹಿಂದೆ ಮೀನಿನ ಹೊಂಡ ಮಾಡಿದೆವು. ಕಾಟ್ಲಾ, ರೋಹು ಸಾಕುತ್ತಿದ್ದೆವು. ಹೋದ ವರ್ಷ ಒಂದು ಹೊಂಡಕ್ಕೆ ಸೀಬಾಸ್ ಹಾಕಿ ನೋಡಿದೆ. ನಮ್ಮ ಕ್ಯಾಂಪಿನಲ್ಲಿ ಇದಕ್ಕೆ ಪಂಡುಗಪ್ಪ ಅಂತಾರೆ. ಚೆನ್ನಾಗಿಯೇ ಬಂತು.

ಈ ವರ್ಷ ಪೂರ್ವ ಕರಾವಳಿಯ ಒಂದು ಹ್ಯಾಚರಿಯಿಂದ ಮೂರು ಸಾವಿರ ಮರಿ ತರಿಸಿದೆ. ಒಂದು ಇಂಚಿನವು. ಹಾಪಾದಲ್ಲಿ (ಹೊಂಡದೊಳಗೆ ಕಟ್ಟುವ ಬಲೆಯ ತೊಟ್ಟಿಲು) ಬಿಟ್ಟು 25 ದಿನ ಆಯಿತು. ನಿನ್ನೆ ನೂರು ಮರಿ ಎತ್ತಿ ಬಿಳಿ ಟಬ್ಬಿಗೆ ಹಾಕಿ ಒಂದೊಂದಾಗಿ ನೋಡಿದೆ. 11 ಮರಿಗೆ ಕಿವಿರಿನ ಮುಚ್ಚಳ ಗಿಡ್ಡ, ಒಳಗಿನ ಕೆಂಪು ಹಾಗೇ ಕಾಣುತ್ತದೆ. 4 ಮರಿಗೆ ಬೆನ್ನು ಬಾಗಿದೆ. ಗಾತ್ರವಂತೂ ಕೇಳಬೇಡಿ. ಒಂದು ಹೆಬ್ಬೆರಳಿನ ಅರ್ಧ, ಪಕ್ಕದ್ದು ಬೆಂಡೆಕಾಯಿ ಉದ್ದ. ಒಂದರ ಬಾಯಿಂದ ಇನ್ನೊಂದರ ಬಾಲ ಹೊರಗೆ ನಿಂತಿತ್ತು. ನುಂಗೋಕೂ ಆಗದೆ, ಉಗುಳೋಕೂ ಆಗದೆ ಎರಡೂ ಸತ್ತವು.

ಫೀಡ್ ಅಂಗಡಿಯವರು "ಎಲ್ಲ ಒಂದೇ ತಾಯಿ ಮರಿ ನೋಡಣ್ಣ, ರಕ್ತ ಕೆಟ್ಟಿದೆ" ಅಂದರು. ಹೌದಾ? ಹ್ಯಾಚರಿಯವರಿಗೆ ಫೋನ್ ಮಾಡಿ ಏನಂತ ಕೇಳಬೇಕು?

ಇನ್ನೊಂದು. ಕಾರಟಗಿ ಕಡೆ ನಮ್ಮ ಭಾವ ಸಣ್ಣದೊಂದು ಚೈನೀಸ್ ಹ್ಯಾಚರಿ (ದುಂಡು ತೊಟ್ಟಿಯಲ್ಲಿ ನೀರು ಸುತ್ತಿಸಿ ಮರಿ ಮಾಡುವುದು) ಕಟ್ಟಿಸುತ್ತಿದ್ದಾರೆ. ನನ್ನ ಹೊಂಡದಲ್ಲಿ ಎರಡು ಕೆಜಿ ಮೇಲಿನ 30 ರೋಹು ಇವೆ. ಬ್ರೂಡರಿಗೆ, ಅಂದರೆ ಮರಿ ಮಾಡಿಸುವ ತಾಯಿ-ತಂದೆ ಮೀನಿಗೆ ಕೊಡು ಅಂತಿದ್ದಾರೆ. ಕೊಡಲಾ?

ಮಾರ್ಕೆಟ್ ರೋಡ್ (ರಾಯಚೂರು) · 9:20

ಹೋದ ವರ್ಷ ಕೆಜಿ ಎಷ್ಟಕ್ಕೆ ಹೋಯಿತು ಅಣ್ಣ?

ಕ್ಯಾಂಪ್ ರೈತ · 9:22

ಅದು ಬೇರೆ ಪೋಸ್ಟಿನಲ್ಲಿ ಹಾಕ್ತೀನಿ ಅಣ್ಣ. ಮೊದಲು ಇದು ಮುಗೀಲಿ.

ಉಪ್ಪುನೀರು (ಲಿಂಗಸುಗೂರು) · 10:05

ಅಣ್ಣ, ನಾನು ಆರು ವರ್ಷ ಒಂದು ಸೀಬಾಸ್ ಹ್ಯಾಚರಿಯಲ್ಲಿ ಬ್ರೂಡರ್ ತೊಟ್ಟಿ ನೋಡಿಕೊಂಡಿದ್ದೆ. ಈಗ ಊರಿಗೆ ವಾಪಸ್ ಬಂದಿದ್ದೇನೆ. ನೀವು ಮೂರು ಬೇರೆ ಬೇರೆ ತೊಂದರೆಯನ್ನು ಒಂದೇ ಚೀಲಕ್ಕೆ ತುಂಬಿದ್ದೀರಿ. ಬಿಡಿಸಿ ಹೇಳುತ್ತೇನೆ.

ಗಾತ್ರದ ವಿಷಯ ಮೊದಲು. ಈ ಮೀನು ತನ್ನ ಒಡಹುಟ್ಟಿದವರನ್ನೇ ತಿನ್ನುವ ಜಾತಿ. ತನ್ನ ಅರ್ಧಕ್ಕಿಂತ ಉದ್ದ ಇರುವುದನ್ನೂ ನುಂಗುತ್ತದೆ. ಹ್ಯಾಚರಿಯಲ್ಲಿ ನಾವು ಮೂರು ನಾಲ್ಕು ದಿನಕ್ಕೊಮ್ಮೆ ಜಾಲರಿ ಹಿಡಿದು ದೊಡ್ಡದು, ಮಧ್ಯಮ, ಸಣ್ಣದು ಅಂತ ಬೇರೆ ಮಾಡುತ್ತಿದ್ದೆವು. ನೀವು 25 ದಿನ ಮಾಡಿಲ್ಲ ಅಂದರೆ ತಾಯಿಮೀನನ್ನು ಬೈದು ಏನು ಪ್ರಯೋಜನ?

ಬಾಗಿದ ಬೆನ್ನು. ಮೊಟ್ಟೆ ಒಡೆದ ಮೊದಲ ವಾರದಲ್ಲಿ ಮರಿ ನೀರಿನ ಮೇಲಕ್ಕೆ ಬಂದು ಒಂದು ಗುಟುಕು ಗಾಳಿ ಕುಡಿಯಬೇಕು. ಆಗಲೇ ಅದರ ಗಾಳಿಚೀಲ ತುಂಬುವುದು. ತೊಟ್ಟಿಯ ಮೇಲೆ ಎಣ್ಣೆಪದರ ಕಟ್ಟಿದ್ದರೆ ಬಾಯಿ ತೂರುವುದಿಲ್ಲ. ಚೀಲ ತುಂಬದ ಮರಿ ಮುಳುಗಬಾರದು ಅಂತ ತಲೆ ಮೇಲೆತ್ತಿಕೊಂಡೇ ಈಜುತ್ತದೆ, ಈಜಿ ಈಜಿ ಬೆನ್ನು ಬಾಗುತ್ತದೆ. ಕಿವಿರು ಮುಚ್ಚಳ ಗಿಡ್ಡ ಆಗುವುದಕ್ಕೂ ಮರಿಗೆ ಹಾಕುವ ಜೀವಂತ ಮೇವು ರೋಟಿಫರ್, ಆರ್ಟೀಮಿಯಾದಲ್ಲಿ ಸತ್ವ ಇಲ್ಲದಿರುವುದು, ವಿಟಮಿನ್ ಸಿ ಕೊರತೆ, ಇಂಥ ಕಾರಣ ಹಲವಾರು. ರಕ್ತದ ಪಾಲೂ ಇರಬಹುದು. ಆದರೆ ಟಬ್ಬಿನಲ್ಲಿ ನೋಡಿ ಯಾರೂ ಹೇಳೋಕೆ ಆಗಲ್ಲ. ಫೀಡ್ ಅಂಗಡಿಯವರಂತೂ ಅಲ್ಲ.

ಈಗ ಒಂದೇ ತಾಯಿ. ಅವರು ಹೇಳಿದ್ದು ಅರ್ಧ ನಿಜ. ನಿಮ್ಮ ಮೂರು ಸಾವಿರವೂ ಒಂದೇ ತಾಯಿಯ ಮರಿ ಇರಬಹುದು, ಆಶ್ಚರ್ಯ ಇಲ್ಲ. ಒಂದು ಒಳ್ಳೇ ಹೆಣ್ಣು ಸೀಬಾಸ್ 20 ಲಕ್ಷಕ್ಕೂ ಮೀರಿ ಮೊಟ್ಟೆ ಇಡುತ್ತದೆ. ಸಣ್ಣ ಹ್ಯಾಚರಿಗೆ ಒಂದು ಹೆಣ್ಣು ಸಿಕ್ಕರೆ ಆ ತಿಂಗಳ ವ್ಯಾಪಾರ ಮುಗಿಯಿತು. ಆದರೆ ಒಂದೇ ತಾಯಿ ಮರಿ ಅಂದರೆ ಇನ್‌ಬ್ರೀಡಿಂಗ್ (ರಕ್ತಸಂಬಂಧಿಗಳನ್ನೇ ಕೂಡಿಸಿ ಮರಿ ಮಾಡುವುದು) ಅಲ್ಲ! ತಂದೆ ಮೀನು, ತಾಯಿ ಮೀನು ಎರಡೂ ಸಮುದ್ರದಿಂದ ಹಿಡಿದು ತಂದ, ಸಂಬಂಧವಿಲ್ಲದ ಮೀನಾದರೆ ಮಕ್ಕಳು ಹತ್ತು ಲಕ್ಷ ಇದ್ದರೂ ಗಟ್ಟಿ. ಅವು ಒಡಹುಟ್ಟಿದವು, ಅಷ್ಟೇ. ಕೆಡುವುದು ಯಾವಾಗ ಅಂದರೆ, ಆ ಅಣ್ಣ-ತಂಗಿಯರನ್ನೇ ಹಿಡಿದು ಮುಂದಿನ ಬ್ರೂಡರ್ ಮಾಡಿದಾಗ.

ನೀವು ಸೀಬಾಸನ್ನು ತಿನ್ನೋಕೆ, ಮಾರೋಕೆ ಸಾಕುತ್ತೀರಿ. ನಿಮ್ಮ ಹೊಂಡದಲ್ಲಿ ಅದು ಮರಿ ಹಾಕುವುದೇ ಇಲ್ಲ. ಬೆಳೆಯೋಕೆ ಸಿಹಿನೀರು ಆಗುತ್ತದೆ, ಮೊಟ್ಟೆ ಇಡೋಕೆ ಸಮುದ್ರದ ಉಪ್ಪೇ ಬೇಕು. ಹಾಗಾಗಿ ಸೀಬಾಸ್ ರಕ್ತದ ಚಿಂತೆ ಹ್ಯಾಚರಿಯವನದು. ಆದರೆ ಆ ರೋಹು ಇದೆಯಲ್ಲ, ಅದು ನಿಮ್ಮದೇ ಚಿಂತೆ. ಅದನ್ನು ತಿಳಿದವರು ಹೇಳಲಿ.

ಟಗರಿನ ಮನೆ (ಬಳ್ಳಾರಿ) · 10:31

ಮೀನು ಗೊತ್ತಿಲ್ಲ, ಕುರಿ ಗೊತ್ತು. ನಮ್ಮ ಅಜ್ಜ ಎರಡು ವರ್ಷಕ್ಕಿಂತ ಜಾಸ್ತಿ ಒಂದೇ ಟಗರನ್ನು ಹಿಂಡಿನಲ್ಲಿ ಇಡುತ್ತಿರಲಿಲ್ಲ. ಮೂರನೇ ವರ್ಷಕ್ಕೆ ಅದರ ಮಗಳೇ ಬೆದೆಗೆ ಬರುತ್ತಾಳೆ ಅಂತ. ಎಷ್ಟೇ ಚೆಂದದ ಟಗರಾಗಲಿ, ಬೇರೆ ಊರಿನ ಹಿಂಡಿಗೆ ಕೊಟ್ಟು ಅವರದನ್ನು ತರುತ್ತಿದ್ದರು. ನೀವೆಲ್ಲ ಇಂಗ್ಲಿಷಿನಲ್ಲಿ ಹೇಳ್ತಿರೋದು ಇದೇ ಅಲ್ವಾ?

ಉಪ್ಪುನೀರು · 10:44

ಇದೇ ಅಣ್ಣ. ಆದರೆ ಸೀಬಾಸಿನಲ್ಲಿ ನಿಮ್ಮ ಅಜ್ಜನಿಗೂ ತಲೆ ಕೆಡುತ್ತಿತ್ತು. ಯಾಕೆ ಅಂದರೆ ಟಗರು ಟಗರಾಗಿಯೇ ಇರುತ್ತದೆ. ಸೀಬಾಸ್ ಹಾಗಲ್ಲ. ಮೊದಲು ಗಂಡು, ಆಮೇಲೆ ಹೆಣ್ಣು.

ತಮಾಷೆ ಅಲ್ಲ. ಮೂರು ನಾಲ್ಕು ವರ್ಷಕ್ಕೆ ಅದು ಗಂಡಾಗಿ ಬಲಿಯುತ್ತದೆ. ಆರರ ಆಸುಪಾಸಿಗೆ, ಐದಾರು ಕೆಜಿ ತೂಗುವ ಹೊತ್ತಿಗೆ ಬಹುಪಾಲು ಹೆಣ್ಣಾಗುತ್ತವೆ. ನಾನು ಸೇರಿದ ಹೊಸದರಲ್ಲಿ ನಮ್ಮ ಹ್ಯಾಚರಿಯಲ್ಲಿ 40 ಬ್ರೂಡರ್ ಇದ್ದವು, ಎಲ್ಲ ಒಂದೇ ವರ್ಷ ತಂದವು. ಎರಡು ವರ್ಷ ಗಂಡೇ ಗಂಡು. ಆಮೇಲೆ ಒಂದು ಸೀಸನ್ ಚೆನ್ನಾಗಿ ನಡೆಯಿತು. ಅದರ ಮುಂದಿನ ವರ್ಷ ಹೊಟ್ಟೆ ಒತ್ತಿ ನೋಡಿದರೆ ಹಾಲು (ಗಂಡಿನ ವೀರ್ಯ) ಬರುವ ಮೀನು ಬರೀ ಮೂರು! 37 ಹೆಣ್ಣು, ಮೂರು ಗಂಡು. ಮಾಲೀಕರು ನಮ್ಮನ್ನೇ ಬೈದರು, ನಾವೇ ಗಂಡನ್ನು ಮಾರಿಕೊಂಡ ಹಾಗೆ. ಆ ಮೂರರ ಮೇಲೇ ಇಡೀ ವರ್ಷ ಓಡಿಸಿದೆವು. ಆ ವರ್ಷ ಹೋದ ಮರಿಗಳಿಗೆಲ್ಲ ಅಪ್ಪಂದಿರು ಮೂರೇ ಜನ.

ಅದಕ್ಕೇ ಪ್ರತಿ ವರ್ಷ ಒಂದಷ್ಟು ಎಳೇ ಮೀನು ಸೇರಿಸುತ್ತಲೇ ಇರಬೇಕು. ತೊಟ್ಟಿಯಲ್ಲಿ ಮೂರು ವಯಸ್ಸಿನವರಾದರೂ ಇರಬೇಕು. ಅದರಲ್ಲೂ ಒಂದು ಗುಂಡಿ ಇದೆ. ಇವತ್ತು ಅಪ್ಪ ಆದ ಮೀನು ಮೂರು ವರ್ಷಕ್ಕೆ ಹೆಣ್ಣಾಗಿರುತ್ತದೆ. ಅಷ್ಟರಲ್ಲಿ ಅದರ ಮಗ ಗಂಡಾಗಿ ಬಲಿತಿರುತ್ತಾನೆ. ಎರಡನ್ನೂ ಒಂದೇ ತೊಟ್ಟಿಗೆ ಬಿಟ್ಟರೆ? ಅಪ್ಪನೇ ಅವನಿಗೆ ಹೆಂಡತಿ! ಹಾಗಾಗಿ ಪ್ರತಿ ಬ್ರೂಡರಿನ ಬೆನ್ನಿಗೆ ಅಕ್ಕಿಕಾಳಿನಷ್ಟು ಚಿಪ್ ಹಾಕಬೇಕು, ನಂಬರ್ ಬರೆದಿಡಬೇಕು. ನಾವು ಶುರುವಿನಲ್ಲಿ ಬರೆದಿಡುತ್ತಿರಲಿಲ್ಲ.

ಟಗರಿನ ಮನೆ · 10:50

ಯಪ್ಪಾ! ನಮ್ಮ ಕುರಿಯೇ ವಾಸಿ.

ಗಂಗಾವತಿ ಬ್ಯಾಗ್ · ಸೋಮವಾರ ಬೆಳಗ್ಗೆ 7:40

ಇದಕ್ಕೆ ಪರ್ಮಿಶನ್ ಬೇಕಾ? ಆಫ್ರಿಕನ್ ಕ್ಯಾಟ್‌ಫಿಶ್ ಥರ ನಿಷೇಧ ಏನಾದರೂ?

ಉಪ್ಪುನೀರು · 7:55

ನಿಷೇಧ ಏನೂ ಇಲ್ಲ. ಸೀಬಾಸ್ ನಮ್ಮ ದೇಶದ್ದೇ ಮೀನು. ಎರಡೂ ಕರಾವಳಿಯಲ್ಲಿ ಸಿಗುತ್ತದೆ. ಹ್ಯಾಚರಿಯಲ್ಲಿ ಮರಿ ಮಾಡಿಸೋದನ್ನು ಚೆನ್ನೈನ ಸಿಬಾ ಸಂಸ್ಥೆಯವರು 1997ರಲ್ಲೇ ಸಾಧಿಸಿದರು.

ಹಳೇ ಹ್ಯಾಚರಿ (ಮುನಿರಾಬಾದ್ ಹತ್ತಿರ) · 11:15

ತಮ್ಮಾ ಕ್ಯಾಂಪ್ ರೈತ, ಭಾವನಿಗೆ ಆ ರೋಹು ಕೊಡಬೇಡ. ಯಾಕೆ ಅಂತ ನನ್ನ ಕಥೆ ಕೇಳು.

ನಾನು 22 ವರ್ಷ ಒಂದು ಖಾಸಗಿ ಮರಿ ಫಾರ್ಮಿನಲ್ಲಿ ದುಡಿದವನು. ಬ್ರೂಡರನ್ನು ನಾವು ಹೇಗೆ ಆರಿಸುತ್ತಿದ್ದೆವು ಗೊತ್ತಾ? ಆರಿಸುತ್ತಲೇ ಇರಲಿಲ್ಲ. ಹೊಂಡ ಖಾಲಿ ಮಾಡುವಾಗ ದೊಡ್ಡದೆಲ್ಲ ಲಾರಿಗೆ. ವ್ಯಾಪಾರಿ ಬೇಡ ಅಂದ ಕುಳ್ಳು ಮೀನು ಬ್ರೂಡರ್ ಕೊಳಕ್ಕೆ. ಅಂದರೆ ಬೇಗ ಬೆಳೆದವನ ವಂಶ ಸಾಂಬಾರಾಯಿತು, ಬೆಳೆಯದವನ ವಂಶ ಮುಂದುವರಿಯಿತು. ಇದನ್ನು ಹತ್ತು ಹದಿನೈದು ವರ್ಷ ಮಾಡಿದೆವು. ಹತ್ತಿರದ ರೈತರು ಮೊದಮೊದಲು ವರ್ಷಕ್ಕೆ ಕೆಜಿ ಮೇಲೆ ಬರುತ್ತೆ ಅನ್ನುತ್ತಿದ್ದವರು, ಆಮೇಲೆ ಮುಕ್ಕಾಲು ಕೆಜಿಯೂ ದಾಟಲ್ಲ ಅಂತ ಬಂದು ಜಗಳ ಆಡೋಕೆ ಶುರು ಮಾಡಿದರು. ನಾವು ಹಿಂಡಿ ಸರಿ ಹಾಕಿ, ಗೊಬ್ಬರ ಸರಿ ಹಾಕಿ ಅಂತ ಹೇಳಿ ಕಳಿಸುತ್ತಿದ್ದೆವು.

ಇನ್ನೊಂದು ಪಾಪ. ಜೂನ್ ಶುರುವಿನಲ್ಲಿ ಮರಿಗೆ ಬೇಡಿಕೆ ಜಾಸ್ತಿ. ಮಳೆ ಬರೋ ಮೊದಲೇ ಬೇಕು ಅಂತಾರೆ. ಆಗ ಬಲಿತಿರೋ ಹೆಣ್ಣು ನಾಲ್ಕೋ ಐದೋ. ಅವಕ್ಕೇ ಮೊಟ್ಟೆ ಇಡಿಸುವ ಇಂಜೆಕ್ಷನ್. ಅವುಗಳ ಮರಿಯಿಂದಲೇ ಮುಂದಿನ ಬ್ರೂಡರ್. ಇನ್ನೂ ಕೇಳು. ಕಾಟ್ಲಾ ಗಂಡು ಸಿಗದ ದಿನ ಕಾಟ್ಲಾ ಹೆಣ್ಣಿನ ಜೊತೆ ರೋಹು ಗಂಡನ್ನು ಬಿಟ್ಟಿದ್ದೂ ಇದೆ. ಮರಿ ಚೆನ್ನಾಗಿಯೇ ಬರುತ್ತವೆ. ಸಣ್ಣದಿದ್ದಾಗ ಕಾಟ್ಲಾ ಯಾವುದು, ಬೆರಕೆ ಯಾವುದು ಅಂತ ಯಾರಿಗೂ ಗೊತ್ತಾಗಲ್ಲ. ಅದೂ ಬ್ರೂಡರ್ ಕೊಳಕ್ಕೆ ಸೇರಿಕೊಂಡಿತು. ಆಮೇಲೆ ಶುದ್ಧ ಕಾಟ್ಲಾ ಅಂತ ನಮ್ಮ ಹತ್ತಿರ ಇತ್ತೋ ಇಲ್ಲವೋ ದೇವರಿಗೇ ಗೊತ್ತು.

ನಿನ್ನ 30 ರೋಹು ಎಲ್ಲಿಂದ ತಂದಿದ್ದು? ಒಂದೇ ಸಲ, ಒಂದೇ ಕಡೆಯಿಂದ ತಂದ ಮರಿ ಅಲ್ವಾ?

ಕ್ಯಾಂಪ್ ರೈತ · 11:40

ಹೌದು ಅಜ್ಜಾರೆ. ಒಂದೇ ಫಾರ್ಮು, ಒಂದೇ ದಿನ, ಎರಡು ಆಕ್ಸಿಜನ್ ಪ್ಯಾಕೆಟ್.

ಹಳೇ ಹ್ಯಾಚರಿ · 11:43

ಆಯ್ತಲ್ಲ ಮತ್ತೆ. 30 ಮೀನು ಅಂತೀಯ, ಅದು ಒಂದು ಮನೆ.

ಎಳೇ ಕಿವಿರು (ಕೊಪ್ಪಳ) · ಮಧ್ಯಾಹ್ನ 2:30

ನಾನು ಮಂಗಳೂರು ಮೀನುಗಾರಿಕೆ ಕಾಲೇಜಿನಲ್ಲಿ ಓದಿದವಳು, ಊರು ಕೊಪ್ಪಳ. ಅಜ್ಜಾರು ಹೇಳಿದ್ದು ಅವರೊಬ್ಬರ ಫಾರ್ಮಿನ ಕಥೆ ಅಲ್ಲ. 1990ರಲ್ಲಿ ಏಕನಾಥ್ ಮತ್ತು ಡಾಯ್ಲ್ ಅನ್ನುವ ವಿಜ್ಞಾನಿಗಳು ನಮ್ಮ ಕರ್ನಾಟಕದ್ದೇ ಗೆಂಡೆ ಮೀನು (ರೋಹು, ಕಾಟ್ಲಾ ಥರದವು) ಹ್ಯಾಚರಿಗಳ ಲೆಕ್ಕ ಹಾಕಿ ಬರೆದಿದ್ದರು. ಇನ್‌ಬ್ರೀಡಿಂಗ್ ಏರುವ ಪ್ರಮಾಣ ಶೇ 2ರಿಂದ 17ರವರೆಗೆ. ಕ್ಲಾಸಿನಲ್ಲಿ ಇದನ್ನು ಕೇಳಿದ ದಿನ ನಾನು ನಮ್ಮೂರಿನ ಕೆರೆ ನೆನೆಸಿಕೊಂಡೆ.

ಶೇ 17 ಅಂದರೆ ಎಷ್ಟು ಅಂತ ಅಂದಾಜಿಗೆ: ನಮ್ಮ ಕಡೆ ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುತ್ತಾರಲ್ಲ, ಅಲ್ಲಿ ಮಗುವಿನ ಲೆಕ್ಕ 12.5. ಒಡಹುಟ್ಟಿದವರನ್ನೇ ಕೂಡಿಸಿದರೆ 25. ನಮ್ಮ ಮನೆಯಲ್ಲೂ ಅಂಥ ಮದುವೆ ಇದೆ, ಯಾರನ್ನೂ ಅನ್ನುತ್ತಿಲ್ಲ. ಆದರೆ ಮೀನಿನಲ್ಲಿ ಪ್ರತಿ ತಲೆಮಾರೂ ಹಾಗೇ ಮಾಡಿಕೊಂಡು ಹೋದರೆ?

ಲೆಕ್ಕ ಹಾಕೋದು ಕಷ್ಟ ಇಲ್ಲ. ಗಂಡಿನ ಸಂಖ್ಯೆ, ಹೆಣ್ಣಿನ ಸಂಖ್ಯೆ ಗುಣಿಸಿ. ಅದನ್ನು ನಾಲ್ಕರಿಂದ ಗುಣಿಸಿ. ಗಂಡು ಹೆಣ್ಣು ಎರಡೂ ಸೇರಿದ ಒಟ್ಟು ಸಂಖ್ಯೆಯಿಂದ ಭಾಗಿಸಿ. ಬಂದದ್ದು ನಿಮ್ಮ ನಿಜವಾದ ಬ್ರೂಡರ್ ಬಲ. ಅದರ ಎರಡರಷ್ಟರಿಂದ ನೂರನ್ನು ಭಾಗಿಸಿದರೆ ಒಂದು ತಲೆಮಾರಿಗೆ ಏರುವ ಇನ್‌ಬ್ರೀಡಿಂಗ್ ಶೇಕಡಾ ಎಷ್ಟು ಅಂತ ಬರುತ್ತದೆ.

ಉಪ್ಪುನೀರು ಅಣ್ಣನ ತೊಟ್ಟಿಗೆ ಹಾಕಿ ನೋಡಿ. 37 ಹೆಣ್ಣು, 3 ಗಂಡು. ಗುಣಿಸಿದರೆ 111. ನಾಲ್ಕರಿಂದ, 444. ನಲವತ್ತರಿಂದ ಭಾಗಿಸಿದರೆ 11. ತೊಟ್ಟಿಯಲ್ಲಿ 40 ಮೀನು ಈಜುತ್ತಿವೆ, ಆದರೆ ಬೆಲೆ 11 ಮೀನಿನದು. ತಲೆಮಾರಿಗೆ ಶೇ 4.5. ಅದೇ 20 ಗಂಡು, 20 ಹೆಣ್ಣು ಇದ್ದಿದ್ದರೆ 40ಕ್ಕೆ 40 ಸಿಗುತ್ತಿತ್ತು, ಏರಿಕೆ ಶೇ 1.25. ಈ ಬಲ 50ಕ್ಕಿಂತ ಕೆಳಗೆ ಇಳಿಯಬಾರದು ಅನ್ನೋದು ಸಾಮಾನ್ಯವಾಗಿ ಹೇಳುವ ಮಾತು. ಬಹಳ ಕಾಲ ತಳಿ ಉಳಿಯಬೇಕು ಅಂದರೆ 500 ಅಂತಾರೆ.

ಇದೂ ಎಲ್ಲ ಮೀನೂ ಸಮವಾಗಿ ಪಾಲುಗೊಂಡರೆ ಮಾತ್ರ.

ಉಪ್ಪುನೀರು · 3:10

ಅಕ್ಕಾ, ಆ ಕೊನೇ ಸಾಲೇ ಮುಖ್ಯ. ಸಮವಾಗಿ ಪಾಲುಗೊಳ್ಳುವುದೇ ಇಲ್ಲ.

ಒಂದು ರಾತ್ರಿ ಹೇಳ್ತೀನಿ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಹೆಣ್ಣಿನ ಹೊಟ್ಟೆಗೆ ತೆಳ್ಳನೆ ನಳಿಕೆ ಹಾಕಿ ಒಂದಷ್ಟು ಮೊಟ್ಟೆ ಹೀರಿ ನೋಡುತ್ತೇವೆ. ಮೊಟ್ಟೆ 0.45 ಮಿಲಿಮೀಟರ್ ಹತ್ತಿರ ಇದ್ದರೆ ಹಾರ್ಮೋನ್ ಇಂಜೆಕ್ಷನ್. ಒಂದು ಹೆಣ್ಣಿಗೆ ಎರಡು ಗಂಡು ಲೆಕ್ಕದಲ್ಲಿ ತೊಟ್ಟಿಗೆ ಬಿಡುವುದು. ಮಾರನೇ ದಿನ ಸಂಜೆ ಗಂಡುಗಳು ಹೆಣ್ಣಿನ ಪಕ್ಕಕ್ಕೆ ಅಂಟಿಕೊಂಡು ಸುತ್ತುತ್ತವೆ. ಕತ್ತಲಾದ ಮೇಲೆ ನೀರು ಒಮ್ಮೆಲೇ ಧಬಧಬ ಅನ್ನುತ್ತದೆ. ಟಾರ್ಚ್ ಹಾಕಬಾರದು, ಸುಮ್ನೆ ಗೋಡೆಗೆ ಒರಗಿ ಕೇಳಿಸಿಕೊಳ್ಳಬೇಕು. ಹತ್ತಿರ ಹೋದರೆ ನೀರಿನಿಂದ ಒಂಥರಾ ಜಿಡ್ಡಿನ ವಾಸನೆ. ಬೆಳಗ್ಗೆ ಹೊರಹರಿವಿನ ಬಲೆಯಲ್ಲಿ ಗಾಜಿನ ಪುಡಿ ಥರ ಮೊಟ್ಟೆ ತುಂಬಿರುತ್ತವೆ. ಬಕೆಟ್ಟಿನಲ್ಲಿ ನಿಲ್ಲಿಸಿದರೆ ಒಳ್ಳೆಯವು ತೇಲುತ್ತವೆ, ಕೆಟ್ಟವು ಬೆಳ್ಳಗೆ ತಳಕ್ಕೆ ಇಳಿಯುತ್ತವೆ.

ಈಗ ಹೇಳಿ, ಆ ಬಕೆಟ್ಟಿನ ಮೊಟ್ಟೆ ಯಾರ ಮಕ್ಕಳು? ಆರು ಹೆಣ್ಣು, ಹನ್ನೆರಡು ಗಂಡು ಬಿಟ್ಟಿದ್ದೆವು. ಲೆಕ್ಕಕ್ಕೆ ಹಾಕಿದರೆ ಬಲ 16. ಆದರೆ ನಿಜವಾಗಿ ಆ ರಾತ್ರಿ ಮೊಟ್ಟೆ ಇಟ್ಟದ್ದು ಒಂದು ಹೆಣ್ಣು, ಹಾಲು ಬಿಟ್ಟದ್ದು ಮೂರು ಗಂಡು ಅಂತಾದರೆ? ನಾಲ್ಕು ಇಂಟು ಒಂದು ಇಂಟು ಮೂರು, ಭಾಗಿಸು ನಾಲ್ಕು. ಬಲ ಮೂರು! ಶೇ 17 ಎಲ್ಲಿಂದ ಬರುತ್ತೆ ಅಂದರೆ ಇಲ್ಲಿಂದಲೇ. ತೊಟ್ಟಿಯಲ್ಲಿ ಎಷ್ಟಿವೆ ಅನ್ನೋದು ಲೆಕ್ಕಕ್ಕಿಲ್ಲ, ಎಷ್ಟು ಮೀನು ನಿಜವಾಗಿ ಅಪ್ಪ ಅಮ್ಮ ಆದವು ಅನ್ನೋದೇ ಲೆಕ್ಕ. ಆಸ್ಟ್ರೇಲಿಯಾದಲ್ಲಿ ಇದೇ ಮೀನಿನ ಮರಿಗಳ ಡಿಎನ್‌ಎ ಪರೀಕ್ಷೆ ಮಾಡಿ, ಒಂದೇ ತೊಟ್ಟಿಗೆ ಬಿಟ್ಟ ಬ್ರೂಡರ್‌ಗಳ ಪಾಲು ತೀರಾ ಏರುಪೇರು ಅಂತ ತೋರಿಸಿದ್ದಾರೆ.

ಆಮೇಲೆ ಗ್ರೇಡಿಂಗ್, ಅಂದರೆ ಗಾತ್ರ ನೋಡಿ ಬೇರೆ ಮಾಡೋದು. ಬೇಗ ಬೆಳೆದವನ್ನು ಒಂದು ಕಡೆ, ಕುಳ್ಳನ್ನು ಎಸೆದು ಬಿಡುತ್ತೇವೆ. ಒಂದು ತಾಯಿಯ ಮರಿ ಎಲ್ಲ ಸಣ್ಣಗಿದ್ದರೆ ಆ ಮನೆಯೇ ಬಕೆಟ್ಟಿನಲ್ಲಿ ಹೋಯಿತು. ಗ್ರೇಡಿಂಗ್ ಬಿಡೋಕೂ ಆಗಲ್ಲ, ಬಿಟ್ಟರೆ ಒಂದನ್ನೊಂದು ತಿಂದು ಮುಗಿಸುತ್ತವೆ.

ದಾರಿ ಇಷ್ಟೇ. ಒಂದೇ ರಾತ್ರಿಯ ಮೊಟ್ಟೆಯಿಂದ ಬ್ರೂಡರ್ ಆರಿಸಬಾರದು. ಬೇರೆ ಬೇರೆ ಹುಣ್ಣಿಮೆ, ಬೇರೆ ಬೇರೆ ಹೆಣ್ಣು, ಪ್ರತಿ ಗುಂಪಿನಿಂದ ಸ್ವಲ್ಪ ಸ್ವಲ್ಪ ತೆಗೆದು ಬೇರೆ ಸಾಕಿ ಕೂಡಿಸಬೇಕು. ರೆಕ್ಕೆ ತುದಿ ಉಗುರಿನಷ್ಟು ಕತ್ತರಿಸಿ ಸ್ಪಿರಿಟ್ಟಿನಲ್ಲಿ ಹಾಕಿ ಲ್ಯಾಬಿಗೆ ಕಳಿಸಿದರೆ ಯಾರು ಯಾರ ಮಗ ಅಂತ ಹೇಳುತ್ತಾರೆ. ದೊಡ್ಡ ಹ್ಯಾಚರಿಗೆ ಅದು ಭಾರ ಅಲ್ಲ.

ಮರಿ ಲೈನ್ (ಬಳ್ಳಾರಿ) · 5:02

ನಾನು ಮರಿ ಏಜೆಂಟ್. ಎಲ್ಲರೂ ಹ್ಯಾಚರಿಯನ್ನೇ ಹಿಡಿದು ಜಗ್ಗುತ್ತಿದ್ದೀರಿ. ಸಮುದ್ರದಿಂದ ಒಂದು ಆರು ಕೆಜಿ ಜೀವಂತ ಸೀಬಾಸ್ ತರೋದು ಎಷ್ಟು ಕಷ್ಟ ಗೊತ್ತಾ? ಬಲೆಯಲ್ಲಿ ಸಿಗಬೇಕು, ಗಾಯ ಆಗಿರಬಾರದು, ಟ್ಯಾಂಕರಿನಲ್ಲಿ ಸಾಯಬಾರದು. ಬಂದ ಮೇಲೂ ಎಷ್ಟೋ ದಿನ ಮೇವು ಮುಟ್ಟಲ್ಲ. ರೋಗ ತರುತ್ತೆ ಅನ್ನೋ ಭಯ ಬೇರೆ. ಫಾರ್ಮಿನಲ್ಲಿ ಬೆಳೆದ ಮೀನು ಪೆಲೆಟ್ ತಿಂದುಕೊಂಡು ಸುಮ್ನೆ ಇರುತ್ತೆ. ಹಾಗಿದ್ದಾಗ ಯಾರು ಸಮುದ್ರಕ್ಕೆ ಹೋಗ್ತಾರೆ? ಇನ್ನು ರೈತರು ಒಂದು ರೂಪಾಯಿ ಕಡಿಮೆ ಅಂದರೆ ಆ ಕಡೆ ಓಡ್ತಾರೆ. ರಿಜಿಸ್ಟರ್ ಇಡೋ ಹ್ಯಾಚರಿಗೆ ಜಾಸ್ತಿ ಕೊಡ್ತೀನಿ ಅಂದ ಒಬ್ಬ ರೈತನನ್ನು ತೋರಿಸಿ.

ಎಳೇ ಕಿವಿರು · 5:30

ನೀವು ಹೇಳಿದ್ದು ಸರಿ ಇದೆ ಸರ್, ವಿಶೇಷವಾಗಿ ಆ ಕೊನೇ ಮಾತು. ಫಾರ್ಮಿನ ಮೀನನ್ನೇ ಬ್ರೂಡರ್ ಮಾಡೋದು ತಪ್ಪಲ್ಲ. ಎಷ್ಟು ಮನೆಯಿಂದ ಶುರು ಮಾಡಿದಿರಿ ಅನ್ನೋದು ಮುಖ್ಯ. ನಾರ್ವೆಯವರು 1970ರ ದಶಕದ ಶುರುವಿನಲ್ಲಿ ಸಾಲ್ಮನ್ ತಳಿ ಕಟ್ಟುವಾಗ ಸುಮಾರು 40 ನದಿಗಳ ಮೀನು ತಂದು ಬುಡ ಹಾಕಿದರು. ಗಿಫ್ಟ್ ಅನ್ನೋ ಬೇಗ ಬೆಳೆಯುವ ತಿಲಾಪಿಯಾ ತಳಿ 1988ರಲ್ಲಿ ಶುರುವಾದಾಗ ಈಜಿಪ್ಟ್, ಘಾನಾ, ಕೀನ್ಯಾ, ಸೆನೆಗಲ್‌ನಿಂದ ಕಾಡು ಮೀನು ತಂದರು, ಏಷ್ಯಾದ ನಾಲ್ಕು ಸಾಕು ತಳಿ ಬೆರೆಸಿದರು. ನಮ್ಮ ಜಯಂತಿ ರೋಹು ಕೂಡ ಹಾಗೇ. ಭುವನೇಶ್ವರದ ಸಿಫಾ ಸಂಸ್ಥೆ ನಾರ್ವೆಯವರ ಜೊತೆ ಸೇರಿ ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರ ಮೀನುಗಳನ್ನು ಕೂಡಿಸಿ ಮಾಡಿದ್ದು. 1997ರಲ್ಲಿ ಹೊರಬಂತು. ತಲೆಮಾರಿಗೆ ಸುಮಾರು ಶೇ 17ರಷ್ಟು ಬೆಳವಣಿಗೆ ಏರಿತು. ನೋಡಿ, ಅದೇ 17! ಒಂದು ಕಡೆ ಕೆಡೋಕೆ, ಒಂದು ಕಡೆ ಬೆಳೆಯೋಕೆ.

ಇಷ್ಟಕ್ಕೂ ರೋಹು, ಕಾಟ್ಲಾ ಎರಡೂ ನಮ್ಮ ತುಂಗಭದ್ರೆಯ ಮೀನಲ್ಲ. ಉತ್ತರದಿಂದ ಬಂದವು. ನದಿಗೆ ಹೋಗಿ ಕಾಡು ರೋಹು ತಂದು ರಕ್ತ ಬದಲಾಯಿಸ್ತೀನಿ ಅನ್ನೋಕೆ ನಮ್ಮ ಕಡೆ ಆಗಲ್ಲ. ಡ್ಯಾಮಿನಲ್ಲಿ ಸಿಗೋದೂ ಯಾರೋ ಬಿಟ್ಟ ಹ್ಯಾಚರಿ ಮರಿಯ ವಂಶವೇ.

ಹಳೇ ಹ್ಯಾಚರಿ · 5:48

ಜಯಂತಿ ಅಂತ ಬೋರ್ಡು ಈಗ ಎಲ್ಲ ಕಡೆ ಇದೆ ತಾಯಿ. ಹತ್ತು ವರ್ಷದ ಹಿಂದೆ ಒಂದು ಸಲ ತಂದವರೂ ಬರೆದುಕೊಂಡಿದ್ದಾರೆ. ಜಯಂತಿಯ ಮಗಳೂ ಜಯಂತಿ, ಮೊಮ್ಮಗಳೂ ಜಯಂತಿ.

ಬೀಜದ ಪ್ಲಾಟು (ಕುಷ್ಟಗಿ) · ರಾತ್ರಿ 8:15

ಹತ್ತಿ ಬೀಜದ ಪ್ಲಾಟು ಮಾಡೋನು ನಾನು. ನಮ್ಮಲ್ಲಿ ಇದು ಎಲ್ಲರಿಗೂ ಗೊತ್ತಿರೋ ವಿಷಯ. ಹೈಬ್ರಿಡ್ ಬೆಳೆಯ ಬೀಜ ಎತ್ತಿಟ್ಟು ಮುಂದಿನ ವರ್ಷ ಬಿತ್ತಿದರೆ ಹೊಲ ಒಂದು ಮೊಳ, ಒಂದು ಗೇಣು. ಮೀನಿನವರು ಮಾತ್ರ ಎತ್ತಿಟ್ಟಿದ್ದನ್ನೇ ಬಿತ್ತುತ್ತಾರಾ?

ಸೀಗಡಿ ಹೊಂಡ (ಸಿಂಧನೂರು) · 8:40

ಬಿತ್ತುತ್ತಾರೆ ಸರ್. ವನಾಮಿ ಸೀಗಡಿಯಲ್ಲಿ ಅದೇ ಆಗಿದೆ. 2009ರಲ್ಲಿ ಸರ್ಕಾರ ವನಾಮಿಗೆ ಒಪ್ಪಿಗೆ ಕೊಟ್ಟಿತು. ಅದರ ಬ್ರೂಡರಿನ ಮೂಲ ನಮ್ಮ ದೇಶದ್ದಲ್ಲ, ಹೆಚ್ಚಾಗಿ ರೋಗಮುಕ್ತ ಅಂತ ಪರೀಕ್ಷೆ ಮಾಡಿದ್ದನ್ನು ಹೊರದೇಶದಿಂದ ತಂದು ಚೆನ್ನೈನ ಕ್ವಾರಂಟೈನಿನಲ್ಲಿ ಇಟ್ಟು ಹ್ಯಾಚರಿಗೆ ಕೊಡುತ್ತಾರೆ. ಆ ಬ್ರೂಡರ್ ದುಬಾರಿ. ಕೆಲವರು ರೈತನ ಹೊಂಡದಲ್ಲಿ ಬೆಳೆದ ದೊಡ್ಡ ಸೀಗಡಿಯನ್ನೇ ಹಿಡಿದು ಬ್ರೂಡರ್ ಮಾಡಿ, ಅರ್ಧ ರೇಟಿಗೆ ಮರಿ ಮಾರುತ್ತಾರೆ. ಆ ಸೀಗಡಿಗಳೆಲ್ಲ ಒಂದೆರಡು ಮನೆಯವು. ಅಣ್ಣ-ತಂಗಿ ಮರಿ. ನಾನು ಒಂದು ಸಲ ಕಡಿಮೆ ಬೆಲೆಗೆ ಬಿದ್ದು ತಂದೆ. 40 ದಿನಕ್ಕೆ ಬಿಳಿ ಮಲ, ಬೆಳವಣಿಗೆ ಅಲ್ಲಿಗೇ ನಿಂತಿತು. ಮರಿಯ ತಪ್ಪಾ, ನನ್ನ ನೀರಿನ ತಪ್ಪಾ ಇವತ್ತಿಗೂ ಗೊತ್ತಿಲ್ಲ. ಆದರೆ ಅವತ್ತಿನಿಂದ ಬಿಲ್ಲು, ಪರೀಕ್ಷೆ ಕಾಗದ ಇಲ್ಲದೆ ತರಲ್ಲ.

ಬೀಜದ ಪ್ಲಾಟು · 8:44

ಅಂದರೆ ಕಂಪನಿಯವರಿಗೂ ಲಾಭ. ಎತ್ತಿಟ್ಟರೆ ಕೆಡುತ್ತೆ ಅನ್ನೋ ಹಾಗೇ ಕೊಟ್ಟಿರ್ತಾರೆ.

ಎಳೇ ಕಿವಿರು · 9:01

ಅದೂ ಇದೆ. ಬ್ರೂಡರ್ ಮಾರುವವರು ಹತ್ತಿರದ ಸಂಬಂಧದ ಮೀನನ್ನೇ ಕೊಟ್ಟರೆ, ಅವುಗಳ ಮರಿಯಿಂದ ಮತ್ತೆ ಮರಿ ಮಾಡಿದವನು ತಾನಾಗೇ ಸೋಲುತ್ತಾನೆ. ಬೀಗ ಹಾಕಿದ ಹಾಗೆ. ಬೀಗ ಒಡೆಯೋಕೆ ಹೋದವನ ಮರಿ ರೋಗಕ್ಕೆ ಮೊದಲು ಬೀಳುತ್ತೆ, ರೋಗ ಪಕ್ಕದ ಹೊಂಡಕ್ಕೂ ಹಬ್ಬುತ್ತೆ.

ಭಾವನ ಹ್ಯಾಚರಿ ವಿಷಯಕ್ಕೆ ಬರ್ತೀನಿ. ನನ್ನ ಸಲಹೆ: ಒಂದೇ ಕಡೆಯಿಂದ ತರಬೇಡಿ. ಮೂರು ಬೇರೆ ಬೇರೆ ಮೂಲದಿಂದ, ಅದರಲ್ಲಿ ಒಂದು ಸಿಫಾದಿಂದ ನೇರ ತಳಿ ಪಡೆದದ್ದಾದರೆ ಒಳ್ಳೇದು, ಮರಿ ತಂದು ಬೇರೆ ಬೇರೆ ಹೊಂಡದಲ್ಲಿ ಸಾಕಲಿ. ಒಂದನೇ ಹೊಂಡದ ಗಂಡು ಎರಡನೆಯದರ ಹೆಣ್ಣಿಗೆ, ಎರಡರದು ಮೂರಕ್ಕೆ, ಮೂರರದು ಒಂದಕ್ಕೆ. ಟಗರಿನ ಮನೆಯವರ ಅಜ್ಜ ಮಾಡಿದ್ದೇ ಇದು, ಊರು ಬದಲು ಹೊಂಡ. ಬೆರಕೆ ಆಗದ ಹಾಗೆ ರೆಕ್ಕೆ ತುದಿ ಕತ್ತರಿಸಿ ಗುರುತು ಮಾಡಲಿ. ಆದರೆ ರೆಕ್ಕೆ ಮತ್ತೆ ಬೆಳೆಯುತ್ತೆ, ವರ್ಷಕ್ಕೊಮ್ಮೆ ನೋಡಬೇಕು. ಕಡಿಮೆ ಅಂದರೂ 25 ಜೋಡಿ. ಮಾರಿದ ಮೇಲೆ ಉಳಿದದ್ದಲ್ಲ, ಮಾರೋ ಮೊದಲೇ ಎತ್ತಿಟ್ಟದ್ದು.

ಮರಿ ಲೈನ್ · 9:10

25 ಜೋಡಿ ಬ್ರೂಡರಿಗೆ ಮೇವು ಯಾರು ಹಾಕ್ತಾರೆ ಮೇಡಂ, ಎರಡು ಸಾಕು ಅಂತಿರುವಾಗ?

ಹಳೇ ಹ್ಯಾಚರಿ · 9:14

ಇದೇ ಮಾತು ನಾನೂ ಹೇಳ್ತಿದ್ದೆ.

ಕ್ಯಾಂಪ್ ರೈತ · ಗುರುವಾರ ಸಂಜೆ 6:50

ತಡ ಆಯಿತು, ಕ್ಷಮಿಸಿ. ಹೊಂಡದಲ್ಲೇ ಇದ್ದೆ.

ಹ್ಯಾಚರಿಗೆ ಫೋನ್ ಮಾಡಿದೆ. ಮೊದಲು ಜಗಳಕ್ಕೆ ಅಂತ ತಿಳಿದುಕೊಂಡರು. ನಾನು ನಾಲ್ಕೇ ಕೇಳಿದೆ. ನನ್ನ ಮರಿ ಯಾವ ರಾತ್ರಿಯ ಮೊಟ್ಟೆ, ಎಷ್ಟು ಹೆಣ್ಣು ಎಷ್ಟು ಗಂಡು ಬಿಟ್ಟಿದ್ದಿರಿ, ಅವು ಸಮುದ್ರದವಾ ಫಾರ್ಮಿನವಾ, ಹೊಸ ಬ್ರೂಡರ್ ಕೊನೇ ಸಲ ಬಂದದ್ದು ಯಾವಾಗ. ಆ ಕಡೆ ಹುಡುಗ ಸ್ವಲ್ಪ ಹೊತ್ತು ಸುಮ್ಮನಾದ. "ಅಣ್ಣ, ನೀವೂ ಹ್ಯಾಚರಿ ಮಾಡ್ತೀರಾ?" ಅಂದ. ಒಂದು ಗಂಟೆ ಬಿಟ್ಟು ಅವನೇ ಫೋನ್ ಮಾಡಿ ಹೇಳಿದ. ಒಂದೇ ಹೆಣ್ಣು, ಎರಡು ಗಂಡು, ಮೂರೂ ಸಮುದ್ರದಿಂದ ತಂದವು. ಹೊಸ ಮೀನು ಬಂದು ಎರಡು ವರ್ಷ. ಮೊಟ್ಟೆ ಒಡೆದ ವಾರದಲ್ಲಿ ತೊಟ್ಟಿಯ ಮೇಲಿನ ಎಣ್ಣೆ ತೆಗೆಯುವ ಪೈಪು ಕೆಟ್ಟಿತ್ತಂತೆ. ಅದನ್ನು ಅವನೇ ತಾನಾಗಿ ಹೇಳಿದ, ನಾನು ಕೇಳಿರಲಿಲ್ಲ.

ಅಂದರೆ ಫೀಡ್ ಅಂಗಡಿಯವರು ಒಂದೇ ತಾಯಿ ಅಂದದ್ದು ನಿಜ. ರಕ್ತ ಕೆಟ್ಟಿದೆ ಅನ್ನೋಕೆ ಆಧಾರ ಇಲ್ಲ. ಅಲ್ವಾ ಉಪ್ಪುನೀರು ಅಣ್ಣ?

ಗ್ರೇಡಿಂಗ್ ಮಾಡಿದೆ. ಪ್ಲಾಸ್ಟಿಕ್ ಬಕೆಟ್ಟಿನ ತಳಕ್ಕೆ ಕಾದ ಸರಳಿನಿಂದ ಒಂದೇ ಅಳತೆಯ ತೂತು ಹಾಕಿ, ನೀರಿನಲ್ಲಿ ಅರ್ಧ ಮುಳುಗಿಸಿ ಅಲ್ಲಾಡಿಸಿದರೆ ಸಣ್ಣವು ತಾವೇ ಇಳಿದು ಹೋಗುತ್ತವೆ. ಮೂರು ಹಾಪಾ ಮಾಡಿದ್ದೇನೆ. ಎಣಿಸಿದರೆ ಒಟ್ಟು 1,940 ಉಳಿದಿವೆ. ಉಳಿದ ಸಾವಿರ ಎಲ್ಲಿ ಹೋದವು ಅಂತ ದೊಡ್ಡ ಹಾಪಾದವರ ಹೊಟ್ಟೆ ನೋಡಿದರೆ ಗೊತ್ತಾಗುತ್ತದೆ.

ಉಪ್ಪುನೀರು · 7:05

ಅಲ್ವಾ ಅಂದರೆ ಹೌದು. ಆ ಹುಡುಗ ಪೈಪಿನ ವಿಷಯ ಹೇಳಿದ್ದಾನೆ ಅಂದರೆ ಅವನ ಹತ್ತಿರವೇ ಮುಂದಿನ ಸಲವೂ ತನ್ನಿ. ಆದರೆ ಎರಡು ವರ್ಷದಿಂದ ಹೊಸ ಬ್ರೂಡರ್ ಇಲ್ಲ ಅನ್ನೋದು ನೆನಪಿರಲಿ. ಮುಂದಿನ ವರ್ಷವೂ ಅದೇ ಉತ್ತರ ಬಂದರೆ ಗಂಡಿನ ಎಣಿಕೆ ಕೇಳಿ. ಸೊಟ್ಟ ಬೆನ್ನಿನವನ್ನು ತೆಗೆದಿರಾ?

ಟಗರಿನ ಮನೆ · 7:11

ಭಾವ ಏನಂದರು?

ಕ್ಯಾಂಪ್ ರೈತ · 7:20

ತೆಗೆದೆ ಅಣ್ಣ. 71 ಇದ್ದವು. ಏರಿ ಮೇಲೆ ಸುರಿದೆ, ಕೊಕ್ಕರೆ ಕಾದಿದ್ದವು.

ಭಾವ ಬೇಜಾರು ಮಾಡಿಕೊಂಡರು. 30 ರೋಹು ಕೊಡಲ್ಲ, ಎಲ್ಲ ಒಂದೇ ಮನೆಯವು ಅಂದೆ. "ನಿನ್ನ ತಂಗಿ ಕೊಡುವಾಗಲೂ ಇಷ್ಟು ಗೋತ್ರ ನೋಡಲಿಲ್ಲವಲ್ಲೋ" ಅಂದರು. ರಾತ್ರಿ ಮತ್ತೆ ಫೋನ್ ಬಂತು. ಮೂರು ಹೊಂಡ ತೋಡಿಸೋಕೆ ಜೆಸಿಬಿ ಗಂಟೆಗೆ ಎಷ್ಟು ತಗೊಳ್ತಾರೆ ಅಂತ ಕೇಳುತ್ತಿದ್ದರು.

ಮಾರ್ಕೆಟ್ ರೋಡ್ · 7:26

ಅಣ್ಣ, ಆ 30 ರೋಹು ಹಾಗಾದರೆ ಮಾರೋದಾ? ಎರಡು ಕೆಜಿ ಮೇಲಿನವು ಅಂದಿರಲ್ಲ. ನಾಳೆ ಬೆಳಗ್ಗೆ ಗಾಡಿ ಕಳಿಸಲಾ?